ಜನರೇಟರ್ ಆಮೇಲೆ ನೋಡೋಣ, ಮೊದಲು ಒಂದು ರೂಮು ಆರಿಸಿಕೊಳ್ಳಿ

ಪ್ರಶ್ನೆ: ಹಿಮ ಬೀಳುವ ದೇಶಕ್ಕೆ ಬಂದು ನಮಗಿದು ಮೊದಲ ಚಳಿಗಾಲ. ಬಾಡಿಗೆ ಮನೆ, ಮನೆ ಬೆಚ್ಚಗಿಡಲು ಗ್ಯಾಸ್ ಫರ್ನೇಸ್ ಇದೆ. ಮನೆಯಲ್ಲಿ ನಾವಿಬ್ಬರು, 6 ವರ್ಷದ ಮಗಳು, 72 ವರ್ಷದ ನಮ್ಮತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ಕಳೆದ ವರ್ಷ ಹಿಮಗಾಳಿ ಬಂದಾಗ ಈ ಬೀದಿಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲವಂತೆ. ಜನರೇಟರ್ ತಂದುಬಿಡೋಣ ಅನ್ನುತ್ತಾರೆ ನಮ್ಮ ಯಜಮಾನರು. ಗ್ಯಾಸ್ ಇದೆಯಲ್ಲ, ಕರೆಂಟ್ ಹೋದರೂ ಮನೆ ಬೆಚ್ಚಗೇ ಇರುತ್ತದೆ, ಸುಮ್ನೆ ಯಾಕೆ ದುಡ್ಡು ಹಾಕೋದು ಅಂತ ನಾನು. ಯಾರು ಹೇಳಿದ್ದು ಸರಿ?

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಈ ವಾದದಲ್ಲಿ ಇಬ್ಬರೂ ಸೋತಿದ್ದೀರಿ. ಗ್ಯಾಸ್ ಇದ್ದರೂ ಮನೆ ತಣ್ಣಗಾಗುತ್ತದೆ. ಹಾಗಂತ ಮೊದಲು ತರಬೇಕಾದ್ದು ಜನರೇಟರೂ ಅಲ್ಲ.

ನಿಮ್ಮ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆ ಮನೆಯ ಹೀಟಿಂಗ್ ರಿಪೇರಿಗೆ ಹೋಗುವ ನಾನು ಪ್ರತಿ ಚಳಿಗಾಲ ಕೇಳುವ ಮಾತಿದು. ಫರ್ನೇಸಿನಲ್ಲಿ ಉರಿಯುವುದು ಗ್ಯಾಸ್, ನಿಜ. ಆದರೆ ಅದನ್ನು ಹೊತ್ತಿಸುವುದು ಕರೆಂಟ್. ಬಿಸಿಗಾಳಿಯನ್ನು ರೂಮು ರೂಮಿಗೆ ತಳ್ಳುವ ಫ್ಯಾನ್ ತಿರುಗುವುದೂ ಕರೆಂಟಿನಿಂದಲೇ. ಥರ್ಮೋಸ್ಟಾಟ್ ಹೇಳಿದ್ದು ಕೇಳಿ ಗ್ಯಾಸಿನ ವಾಲ್ವ್ ತೆಗೆಯುವ ಬೋರ್ಡಿಗೂ ಕರೆಂಟ್ ಬೇಕು. ಕರೆಂಟ್ ಹೋದ ಕ್ಷಣ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಒಳ್ಳೆಯದೇ, ಇಲ್ಲದಿದ್ದರೆ ಗ್ಯಾಸ್ ಸೋರುತ್ತಿತ್ತು. ಬಿಸಿನೀರಿನ ಬಾಯ್ಲರ್ ಇರುವ ಮನೆಗಳಲ್ಲೂ ಇದೇ ಕಥೆ, ನೀರು ಸುತ್ತಿಸುವ ಪಂಪ್ ನಿಂತುಹೋಗುತ್ತದೆ. ಅಡುಗೆ ಒಲೆ ಮಾತ್ರ ಸ್ವಲ್ಪ ವಾಸಿ. ಹೆಚ್ಚಿನ ಗ್ಯಾಸ್ ಒಲೆಗಳ ಮೇಲಿನ ಬರ್ನರನ್ನು ಕಡ್ಡಿ ಗೀರಿ ಹಚ್ಚಬಹುದು. ಕೆಲವು ಹೊಸ ಮಾಡೆಲ್‌ಗಳಲ್ಲಿ ಕರೆಂಟ್ ಇಲ್ಲದಿದ್ದರೆ ಗ್ಯಾಸೇ ಬರುವುದಿಲ್ಲ. ನಿಮ್ಮದು ಯಾವ ಥರದ್ದು ಅಂತ ಇವತ್ತೇ ಪ್ಲಗ್ ತೆಗೆದು ನೋಡಿಬಿಡಿ. ಹತ್ತಿದರೆ ಅಡುಗೆಗೆ, ನೀರು ಕಾಯಿಸುವುದಕ್ಕೆ ಇಟ್ಟುಕೊಳ್ಳಿ. ಮನೆ ಬೆಚ್ಚಗೆ ಮಾಡುವುದಕ್ಕಂತೂ ಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೂರು ದಿನ ಅಂದರೆ ನಿಮಗೆ ಜಾಸ್ತಿ ಅನ್ನಿಸಿರಬಹುದು. ಲೈನ್ ಮೇಲೆ ಬೀಳುವುದು ಹಿಮವೋ ಮಂಜುಗಡ್ಡೆಯೋ ಅನ್ನುವುದರ ಮೇಲೆ ಅದು ನಿಂತಿದೆ. ಪುಡಿ ಹಿಮ ತಂತಿಯಿಂದ ಉದುರಿಹೋಗುತ್ತದೆ. ಮಳೆಯಾಗಿ ಬಿದ್ದು ತಂತಿ ಮುಟ್ಟಿದ ಕೂಡಲೇ ಹೆಪ್ಪುಗಟ್ಟುವ ನೀರು ಉದುರುವುದಿಲ್ಲ, ಪದರದ ಮೇಲೆ ಪದರ ಕೂರುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಕಡೆ ಹೀಗೇ ಆಯಿತು. ಸಾವಿರಕ್ಕೂ ಹೆಚ್ಚು ದೊಡ್ಡ ಉಕ್ಕಿನ ಟವರುಗಳು ಮಂಜುಗಡ್ಡೆಯ ಭಾರಕ್ಕೆ ಮಡಚಿಕೊಂಡು ಬಿದ್ದವು. ಕೆಲವು ಮನೆಗಳಿಗೆ ಕರೆಂಟ್ ವಾಪಸ್ ಬರಲು ನಾಲ್ಕು ವಾರಕ್ಕಿಂತ ಹೆಚ್ಚು ಹಿಡಿಯಿತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಆಗಿದ್ದು ಬೇರೆ ಥರ. ಅಲ್ಲಿ ಲೈನಿಗಿಂತ ಹೆಚ್ಚಾಗಿ ಕೈಕೊಟ್ಟಿದ್ದು ಕರೆಂಟ್ ತಯಾರಿಸುವ ಸ್ಥಾವರಗಳು ಮತ್ತು ಅವಕ್ಕೆ ಗ್ಯಾಸ್ ತರುವ ವ್ಯವಸ್ಥೆ. ಅಷ್ಟು ಚಳಿಗೆ ಅವನ್ನು ಯಾರೂ ಸಜ್ಜು ಮಾಡಿರಲಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಮೂರರಲ್ಲಿ ಎರಡು ಪಾಲು ಜನ ಹೋಗಿದ್ದು ಚಳಿಗೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕರೆಂಟ್ ಹೋಯಿತು ಅಂದರೆ ನಮಗೆ ಮೊದಲು ನೆನಪಾಗುವುದು ಕತ್ತಲೆ, ಫೋನು, ಫ್ರಿಜ್ಜು. ಆದರೆ ಜೀವ ತೆಗೆಯುವುದು ಚಳಿ. ಅದು ಬಿಟ್ಟರೆ, ಚಳಿ ತಾಳಲಾರದೆ ಜನ ಮಾಡುವ ಎಡವಟ್ಟುಗಳು.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಕರೆಂಟ್ ಹೋದಾಗ ಮನೆಯೊಳಗೆ ಇರುವ ಬಿಸಿ ನಿಮ್ಮ ಕೈಲಿರುವ ಗಂಟು. ಹೊಸದಾಗಿ ಬಿಸಿ ಹುಟ್ಟಿಸುವ ಯೋಚನೆ ಆಮೇಲೆ. ಮೊದಲು ಇರುವುದು ಸೋರದ ಹಾಗೆ ನೋಡಿಕೊಳ್ಳಿ.

ಒಂದು ಸಲ ನಮ್ಮ ಮನೆಯಲ್ಲೇ ಸುಮಾರು 30 ಗಂಟೆ ಕರೆಂಟ್ ಇರಲಿಲ್ಲ. ಹೊರಗೆ ಮೈನಸ್ 10 ಡಿಗ್ರಿ. ಕೆಲಸದ ಚಾಳಿ ನೋಡಿ, ಹಾಲ್‌ನಲ್ಲಿ ಒಂದು, ನಾವು ಮಲಗಿದ ರೂಮಿನಲ್ಲಿ ಒಂದು ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಾ ಹೋದೆ. ರಾತ್ರಿ 9ಕ್ಕೆ ಎರಡೂ ಕಡೆ 20 ಡಿಗ್ರಿ. ಬೆಳಿಗ್ಗೆ 7ಕ್ಕೆ ಹಾಲ್ 14, ರೂಮು 17. ಮರುದಿನ ರಾತ್ರಿ 9ಕ್ಕೆ ಹಾಲ್ 9, ರೂಮು 14. ಹಾಲ್‌ನಲ್ಲಿ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಮಕ್ಕಳು ಇಸ್ಪೀಟ್ ಆಡುತ್ತಿದ್ದರು. ಅಲ್ಲಿ ಯಾವ ಹೀಟರೂ ಇರಲಿಲ್ಲ. ಇದ್ದಿದ್ದು ನಾಲ್ಕು ಜನ ಮತ್ತು ಮುಚ್ಚಿದ ಬಾಗಿಲು. ಸುಮ್ಮನೆ ಕೂತ ದೊಡ್ಡವರ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಶಾಖ ಬರುತ್ತದೆ. ನಾಲ್ಕು ಜನ ಅಂದರೆ ಒಂದು ಸಣ್ಣ ಹೀಟರನ್ನು ತೀರಾ ಕಮ್ಮಿಗೆ ಇಟ್ಟ ಹಾಗೆ. ದೊಡ್ಡ ಮನೆಗೆ ಅದು ಏನೂ ಅಲ್ಲ, ಸಣ್ಣ ರೂಮಿಗೆ ಸಾಕಷ್ಟಾಯಿತು.

ಆದ್ದರಿಂದ ಇವತ್ತೇ ಒಂದು ರೂಮು ಆರಿಸಿ. ಸಣ್ಣದಿರಬೇಕು. ಹೊರಗೋಡೆ, ಕಿಟಕಿ ಕಮ್ಮಿ ಇರಬೇಕು. ಅಕ್ಕಪಕ್ಕ, ಮೇಲೆ ಬೇರೆ ರೂಮುಗಳಿದ್ದರೆ ಇನ್ನೂ ಒಳ್ಳೆಯದು, ಅವೇ ರಗ್ಗಿನ ಥರ ಕೆಲಸ ಮಾಡುತ್ತವೆ. ಬಚ್ಚಲುಮನೆ ಹತ್ತಿರವಿದ್ದರೆ ಅತ್ತೆಯವರಿಗೆ ರಾತ್ರಿ ಓಡಾಟ ತಪ್ಪುತ್ತದೆ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ಒತ್ತಿ. ಕಿಟಕಿಯ ಸಂದಿಯಿಂದ ಗಾಳಿ ಬರುವುದು ಕೈ ಹಿಡಿದರೆ ಗೊತ್ತಾಗುತ್ತದೆ, ಅಲ್ಲಿ ಟೇಪ್ ಹಾಕಿ. ಗಾಜಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿ, ಅದರ ಮೇಲೆ ದಪ್ಪ ಪರದೆ ಬಿಡಿ. ಹಗಲು ಬಿಸಿಲು ಬಿದ್ದಾಗ ಆ ಕಡೆಯ ಪರದೆ ಪೂರ್ತಿ ಸರಿಸಿ, ಬಿಸಿಲು ಹೋದ ಕೂಡಲೇ ಎಳೆಯಿರಿ. ಬರೀ ನೆಲದ ಮೇಲೆ ಹಾಸಿಗೆ ಹಾಕಬೇಡಿ. ಮೇಲೆ ಎಷ್ಟು ರಗ್ಗು ಹೊದ್ದರೂ ಕೆಳಗಿನಿಂದ ಚಳಿ ಹತ್ತುತ್ತದೆ. ಅಡಿಗೆ ಕಾರ್ಡ್‌ಬೋರ್ಡ್, ಯೋಗಾ ಮ್ಯಾಟ್, ಹಳೇ ಜಮಖಾನ, ಏನಿದ್ದರೆ ಅದನ್ನು ಹಾಕಿ. ಮಗಳಿಗೆ ರೂಮಿನೊಳಗೇ ಒಂದು ಟೆಂಟ್ ಹಾಕಿಕೊಡಿ. ಟೆಂಟ್ ಇಲ್ಲದಿದ್ದರೆ ಮೇಜಿನ ಮೇಲಿಂದ ರಗ್ಗು ಇಳಿಬಿಟ್ಟರೂ ಆಯಿತು. ಅವಳಿಗೆ ಆಟ, ನಿಮಗೆ ಎರಡು ಡಿಗ್ರಿ ಲಾಭ.

ಬಟ್ಟೆ ವಿಷಯದಲ್ಲಿ ಒಂದೇ ಮಾತು: ದಪ್ಪನೆಯ ಒಂದು ಕೋಟಿಗಿಂತ ತೆಳ್ಳನೆಯ ಮೂರು ಪದರ ಮೇಲು. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಬಿಗಿಯಾಗಿದ್ದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ. ಬೆವರಿದ ಬನಿಯನ್ ಬದಲಾಯಿಸಿ, ಒದ್ದೆ ಕಾಲುಚೀಲದಲ್ಲಿ ಮಲಗಬೇಡಿ. ಮೈ ಬೆಚ್ಚಗಾಗಲಿ ಅಂತ ಯಾರಾದರೂ ಒಂದು ಪೆಗ್ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಮದ್ಯ ಚರ್ಮದ ಹತ್ತಿರದ ರಕ್ತನಾಳ ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ.

ನಡುವೆ ಒಂದು ವಿಷಯ. ಮಣ್ಣಿನ ಕುಂಡ ಬೋರಲು ಹಾಕಿ, ಒಳಗೆ ನಾಲ್ಕು ಮೇಣದಬತ್ತಿ ಹಚ್ಚಿ, ಇಡೀ ರೂಮು ಬೆಚ್ಚಗಾಯಿತು ಅನ್ನುವ ವಿಡಿಯೋ ನಿಮಗೂ ಬಂದಿರುತ್ತದೆ. ಕುಂಡ ಬಿಸಿಯಾಗುವುದು ನಿಜ, ಕೈಯಿಟ್ಟರೆ ಹಿತವಾಗಿಯೂ ಇರುತ್ತದೆ. ಆದರೆ ಕುಂಡ ಹೊಸ ಶಾಖ ಹುಟ್ಟಿಸುವುದಿಲ್ಲ. ಬತ್ತಿ ಕೊಟ್ಟಷ್ಟೇ ಅದು ಕೊಡುವುದು. ಒಂದು ಪುಟ್ಟ ಟೀ ಲೈಟ್ ಬತ್ತಿಯ ಶಾಖ 30-40 ವ್ಯಾಟ್. ಸಾಮಾನ್ಯ ರೂಮ್ ಹೀಟರ್ 1500 ವ್ಯಾಟ್. ಹೀಟರಿಗೆ ಸಮ ಆಗಬೇಕಾದರೆ ಸುಮಾರು 40 ಬತ್ತಿ ಹಚ್ಚಬೇಕು. ರಗ್ಗು, ಪರದೆ, ಹಾಸಿಗೆ ತುಂಬಿದ ರೂಮಿನಲ್ಲಿ, 6 ವರ್ಷದ ಮಗು ಓಡಾಡುವಾಗ! ಬೆಳಕಿಗೂ ಮೇಣದಬತ್ತಿ ಬೇಡ ಅನ್ನುವವನು ನಾನು. ಬ್ಯಾಟರಿಯ ಎಲ್‌ಇಡಿ ಲೈಟು, ತಲೆಗೆ ಕಟ್ಟಿಕೊಳ್ಳುವ ಟಾರ್ಚು ತಲಾ ಒಂದು ಇರಲಿ.

ಈಗ ನಿಮಗೆ ಮುಖ್ಯವಾಗಿ ಹೇಳಬೇಕಾದ್ದು.

ಕೆಲವು ವರ್ಷದ ಹಿಂದೆ ಹಿಮಗಾಳಿ ಬಂದ ಮರುದಿನ ಒಂದು ಮನೆಯವರು ಫರ್ನೇಸ್ ನೋಡಲು ಕರೆದರು. ಬಾಗಿಲು ತೆಗೆದ ಹುಡುಗ ಹಣೆ ಒತ್ತಿಕೊಳ್ಳುತ್ತಿದ್ದ. ರಾತ್ರಿಯಿಂದ ಎಲ್ಲರಿಗೂ ತಲೆನೋವು, ಅಮ್ಮ ವಾಂತಿ ಮಾಡಿಕೊಂಡಳು, ಜ್ವರ ಬರುತ್ತೇನೋ ಅಂದ. ನನ್ನ ಬ್ಯಾಗಿಗೆ ಸಿಕ್ಕಿಸಿದ ಮೀಟರ್ ಹೊಸಿಲು ದಾಟುವ ಮೊದಲೇ ಕೂಗಲು ಶುರುಮಾಡಿತು. ಒಳಗೆ ಹೋಗಲೇ ಇಲ್ಲ ನಾನು. ಎಲ್ಲರನ್ನೂ ಹಾಗೇ ಹೊರಗೆ ಕರೆಸಿ, ಹಿಮದಲ್ಲಿ ನಿಲ್ಲಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಗ್ಯಾರೇಜಿನಲ್ಲಿ ಜನರೇಟರ್ ಓಡುತ್ತಿತ್ತು. ‘ಶಟರ್ ಅರ್ಧ ತೆಗೆದಿದ್ವಲ್ಲ ಸರ್’ ಅಂದರು ಮನೆಯ ಯಜಮಾನರು. ಪುಣ್ಯಕ್ಕೆ ಎಲ್ಲರೂ ಉಳಿದರು. ಅವರು ಪೆದ್ದರಲ್ಲ. ಹೊರಗೆ ಹಿಮ ಸುರಿಯುತ್ತಿತ್ತು, ಹೊಸ ಜನರೇಟರ್ ನೆನೆಯಬಾರದು ಅಂತ ಒಳಗಿಟ್ಟಿದ್ದರು ಅಷ್ಟೆ.

ಆ ಮೀಟರ್ ಹಿಡಿದಿದ್ದು ಕಾರ್ಬನ್ ಮೊನಾಕ್ಸೈಡ್, ಇಂಧನ ಉರಿದಾಗ ಬರುವ ವಿಷದ ಗ್ಯಾಸ್. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಉಸಿರು ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಮಂಕು ಇವೇ ಲಕ್ಷಣ. ಚಳಿಗಾಲದಲ್ಲಿ ಇದನ್ನು ಫ್ಲೂ ಅಂದುಕೊಂಡು ರಗ್ಗು ಹೊದ್ದು ಮಲಗಿಬಿಡುತ್ತಾರೆ. ಮಲಗಿದವರು ಏಳದೇ ಇರಬಹುದು. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂತು, ಹೊರಗೆ ಹೋದರೆ ಕಮ್ಮಿಯಾಗುತ್ತದೆ ಅಂದರೆ ಜ್ವರ ಅಂದುಕೊಳ್ಳಬೇಡಿ. ಕೋಟು ಹುಡುಕುತ್ತಾ ನಿಲ್ಲದೆ ಹೊರಗೆ ಬನ್ನಿ. ಆಮೇಲೆ ತುರ್ತು ಸೇವೆಗೆ ಫೋನ್ ಮಾಡಿ.

ಜನರೇಟರ್ ಒಂದೇ ಅಲ್ಲ. ಇದ್ದಿಲ ಒಲೆ, ಬಾರ್ಬೆಕ್ಯೂ, ಕ್ಯಾಂಪಿಂಗ್ ಸ್ಟೌವ್ ಯಾವುದನ್ನೂ ಮನೆಯೊಳಗೆ ಹಚ್ಚಬೇಡಿ. ಇದ್ದಿಲಂತೂ ಹೊಗೆ ಕಾಣದೆ, ಕೆಂಡ ಆರಿದ ಹಾಗೆ ಇರುವಾಗಲೂ ಈ ಗ್ಯಾಸ್ ಬಿಡುತ್ತದೆ. ಅಡುಗೆ ಒಲೆಯನ್ನೂ, ಓವನ್ ಬಾಗಿಲನ್ನೂ ತೆರೆದಿಟ್ಟು ಮನೆ ಬೆಚ್ಚಗೆ ಮಾಡಬೇಡಿ ಅಂದಿದ್ದು ಇದಕ್ಕೇ. ಕಾರಿನೊಳಗೆ ಕೂತು ಹೀಟರ್ ಹಾಕಿಕೊಳ್ಳುತ್ತೀರಾದರೆ ಕಾರು ಗ್ಯಾರೇಜಿನ ಹೊರಗಿರಬೇಕು, ಹೊಗೆ ಕೊಳವೆಯ ಸುತ್ತಲಿನ ಹಿಮ ಕೆದಕಿ ತೆಗೆದಿರಬೇಕು. ಇನ್ನೊಂದನ್ನು ಯಾರೂ ನೋಡುವುದಿಲ್ಲ. ನಿಮ್ಮ ಫರ್ನೇಸಿನ ಹೊಗೆ ಹೊರಗೋಡೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಪೈಪಿನಿಂದ ಹೋಗುತ್ತಿರಬಹುದು, ನೆಲದಿಂದ ಮೊಣಕಾಲೆತ್ತರದಲ್ಲಿ. ಹಿಮ ಬಿದ್ದು ಗಾಳಿಗೆ ಗುಡ್ಡೆಯಾದರೆ ಆ ಬಾಯಿ ಮುಚ್ಚಿಹೋಗುತ್ತದೆ. ಕರೆಂಟ್ ಬಂದು ಫರ್ನೇಸ್ ಹತ್ತಿದಾಗ ಹೊಗೆಗೆ ಹೋಗಲು ದಾರಿ ಇರುವುದಿಲ್ಲ. ಹಿಮ ನಿಂತ ಕೂಡಲೇ ಯಜಮಾನರಿಗೆ ಮೊದಲು ಆ ಪೈಪ್ ಬಿಡಿಸಲು ಹೇಳಿ, ಕಾರಿನ ದಾರಿ ಆಮೇಲೆ.

ಹಾಗಾಗಿ ನೀವು ಮೊದಲು ಕೊಳ್ಳಬೇಕಾದ್ದು ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಮಲಗುವ ಜಾಗದ ಹತ್ತಿರ ಒಂದು, ಮನೆಗೆ ಎರಡು ಅಂತಸ್ತಿದ್ದರೆ ತಲಾ ಒಂದು. ಗೋಡೆಯಲ್ಲಿ ಈಗಾಗಲೇ ಇದ್ದರೆ ಬಿಚ್ಚಿ ಹಿಂದೆ ನೋಡಿ, ಮುಗಿಯುವ ತಾರೀಖು ಬರೆದಿರುತ್ತದೆ. ಅವುಗಳ ಸೆನ್ಸರ್ 5ರಿಂದ 10 ವರ್ಷಕ್ಕೆ ಸತ್ತುಹೋಗುತ್ತದೆ. ಹಸಿರು ದೀಪ ಉರಿಯುತ್ತಿದೆ ಅಂದಮಾತ್ರಕ್ಕೆ ಸೆನ್ಸರ್ ಚೆನ್ನಾಗಿದೆ ಅಂತಲ್ಲ.

ಇನ್ನು ಅತ್ತೆಯವರ ವಿಷಯ. ವಯಸ್ಸಾದವರಿಗೆ ಮನೆಯೊಳಗೆ ಕೂತಲ್ಲೇ ಮೈ ತಣ್ಣಗಾಗಿಬಿಡಬಹುದು, ಅದು ಅವರಿಗೇ ಗೊತ್ತಾಗುವುದಿಲ್ಲ. ಮೈ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ನೀವು ನೋಡಬೇಕಾದ್ದು ನಡುಕ, ತೊದಲು ಮಾತು, ಗುಂಡಿ ಹಾಕಲೂ ಆಗದ ಬೆರಳು, ಸುಮ್ಮಸುಮ್ಮನೆ ತೂಕಡಿಕೆ. ನಡುಗುತ್ತಿದ್ದವರ ನಡುಕ ನಿಂತು, ಮಂಕಾದರೆ ‘ಸದ್ಯ ಬೆಚ್ಚಗಾದರು’ ಅಂದುಕೊಳ್ಳಬೇಡಿ. ನಡುಗುವ ಶಕ್ತಿಯೂ ಮುಗಿದಿದೆ ಅಂತ ಅರ್ಥ. ಆಗ ಆಸ್ಪತ್ರೆಗೆ ಫೋನ್ ಮಾಡಬೇಕು. ಅಲ್ಲಿಯವರೆಗೆ ಒಣ ಬಟ್ಟೆ ಹಾಕಿ, ರಗ್ಗಿನೊಳಗೆ ಎದೆ, ಕತ್ತು, ಹೊಟ್ಟೆಯ ಭಾಗವನ್ನು ಮೊದಲು ಬೆಚ್ಚಗೆ ಮಾಡಿ. ಕೈಕಾಲು ಗಸಗಸ ಉಜ್ಜಬೇಡಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೂ ಒಂದು ತೊಂದರೆ ಇದೆ. ಬಹಳ ಜನಕ್ಕೆ ಪಾದದಲ್ಲಿ ಸ್ಪರ್ಶ ಕಮ್ಮಿ ಇರುತ್ತದೆ. ಬಿಸಿನೀರಿನ ಬ್ಯಾಗನ್ನು ಕಾಲಡಿ ಇಟ್ಟರೆ ಸುಟ್ಟು ಬೊಬ್ಬೆ ಬಂದರೂ ತಿಳಿಯುವುದಿಲ್ಲ. ಟವೆಲ್ ಸುತ್ತಿ ಹೊಟ್ಟೆಯ ಹತ್ತಿರ ಇಡಿ, ಕಾಲಿಗೆ ಉಣ್ಣೆಯ ಚೀಲ ಸಾಕು. ಇನ್ಸುಲಿನ್ ಬಗ್ಗೆ ಎಲ್ಲರಿಗೂ ಇರುವ ಗಾಬರಿ ಫ್ರಿಜ್ ನಿಂತುಹೋಯಿತಲ್ಲ ಅಂತ. ಅದು ಅಷ್ಟು ದೊಡ್ಡ ತೊಂದರೆಯೇ ಅಲ್ಲ. ಹೆಚ್ಚಿನ ಇನ್ಸುಲಿನ್‌ಗಳು ಮಾಮೂಲಿ ರೂಮಿನ ಶಾಖದಲ್ಲಿ ಸುಮಾರು 28 ದಿನ ಕೆಡುವುದಿಲ್ಲ. ಅವರ ಇನ್ಸುಲಿನ್ ಪೊಟ್ಟಣದ ಚೀಟಿಯಲ್ಲಿ ಸರಿಯಾದ ಲೆಕ್ಕ ಇರುತ್ತದೆ, ಓದಿಕೊಳ್ಳಿ. ಹೆಪ್ಪುಗಟ್ಟುವುದೇ ನಿಜವಾದ ತೊಂದರೆ. ಫ್ರಿಜ್ ಇಲ್ಲ ಅಂತ ಕಿಟಕಿಯ ಕಟ್ಟೆ ಮೇಲೋ ಹೊರಗೆ ಹಿಮದಲ್ಲೋ ಇಟ್ಟು, ಒಮ್ಮೆ ಗಡ್ಡೆಕಟ್ಟಿದರೆ, ಕರಗಿದ ಮೇಲೆ ಮೊದಲಿನ ಹಾಗೇ ಕಂಡರೂ ಬಿಸಾಡಬೇಕು. ತೀರಾ ಚಳಿಯಾದಾಗ ಒಂದು ಪುಟ್ಟ ಚೀಲದಲ್ಲಿ ಹಾಕಿ ನೀವೇ ಒಳಕೋಟಿನ ಜೇಬಲ್ಲಿ ಇಟ್ಟುಕೊಳ್ಳಿ. ಸಕ್ಕರೆ ನೋಡುವ ಮೀಟರೂ ಚಳಿಗೆ ಹಠ ಮಾಡುತ್ತದೆ. ಎರರ್ ಬಂದರೆ ಅದನ್ನೂ ಸ್ಟ್ರಿಪ್ಪನ್ನೂ ಸ್ವಲ್ಪ ಹೊತ್ತು ಬೆಚ್ಚಗಿನ ರೂಮಿನಲ್ಲಿಟ್ಟು ಮತ್ತೆ ನೋಡಿ. ಎರಡು ವಾರಕ್ಕಾಗುವಷ್ಟು ಔಷಧಿ ಯಾವಾಗಲೂ ಕೈಯಲ್ಲಿರಲಿ.

ಮನೆ ಬಿಟ್ಟು ಹೊರಡುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅನ್ನುತ್ತದೆ. ಒಂದು ರಾತ್ರಿ ಅದಕ್ಕಿಂತ ಕೆಳಗೆ ಹೋದರೆ ಚೆನ್ನಾಗಿ ಹೊದ್ದುಕೊಂಡು ಕಳೆಯಬಹುದು. ನಿಮ್ಮಂಥ ಮನೆಗೆ ನಾನು ಹೇಳುವುದು: ಆ ಒಂದು ರೂಮೂ 13 ಡಿಗ್ರಿಗೆ ಇಳಿಯಿತು, ಮುಂದೆಯೂ ಇಳಿಯುವ ಹಾಗಿದೆ ಅಂದರೆ ಅತ್ತೆಯವರನ್ನೂ ಮಗುವನ್ನೂ ಹೊರಡಿಸಿ. ಕತ್ತಲಾಗುವ ಮೊದಲು, ರಸ್ತೆ ಮುಚ್ಚುವ ಮೊದಲು. ಎಲ್ಲಿಗೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಬೇರೆ ಬೀದಿಯ ಸ್ನೇಹಿತರ ಮನೆ, ಊರಿನವರು ತೆರೆಯುವ ಬೆಚ್ಚನೆಯ ಆಶ್ರಯ ಕೇಂದ್ರ, ಯಾವುದಾದರೂ ಸರಿ. ನಿಮ್ಮ ಬೀದಿಯವರ ಮನೆಯನ್ನೇ ನಂಬಬೇಡಿ, ಅವರಿಗೂ ಕರೆಂಟ್ ಇರುವುದಿಲ್ಲ ಅಲ್ವಾ.

ಮನೆ ಬಿಡುವುದಿದ್ದರೆ ನೀರಿನ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆಗೆದು ಪೈಪ್ ಖಾಲಿ ಮಾಡಿ. ಬಿಡದಿದ್ದರೂ ಆ ವಾಲ್ವ್ ಎಲ್ಲಿದೆ ಅಂತ ಗೊತ್ತಿರಲೇಬೇಕು, ಬಾಡಿಗೆ ಮನೆಯವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಮನೆ ಓನರನ್ನು ಕೇಳಿ, ಕೈಯಾರೆ ತಿರುಗಿಸಿ ನೋಡಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಉಬ್ಬುತ್ತದೆ. ಪೈಪ್ ಒಡೆಯುವುದು ಹೆಚ್ಚಾಗಿ ಗಡ್ಡೆಕಟ್ಟಿದ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಅಲ್ಲಿ ಒಡೆಯುತ್ತದೆ. ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ ಅನ್ನುವುದು ಇದಕ್ಕೇ, ಒತ್ತಡಕ್ಕೆ ದಾರಿ ಸಿಗಲಿ ಅಂತ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಪೈಪ್ ಕಟ್ಟಿಕೊಂಡರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾ ಹಿಂದಕ್ಕೆ ಹೋಗಿ. ಬೆಂಕಿ ಹಿಡಿಯಬೇಡಿ. ಪೈಪ್ ಕರಗಿಸಲು ಹೋಗಿ ಗೋಡೆಗೆ ಬೆಂಕಿ ಹಚ್ಚಿಕೊಂಡವರ ಮನೆಗೂ ನಾನು ಹೋಗಿದ್ದೇನೆ.

ಕುಡಿಯುವುದಕ್ಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಅಂತ ಮೂರು ದಿನದ್ದು ತುಂಬಿಡಿ. ನಿಮಗೆ 48 ಲೀಟರ್. ಹಿಮಗಾಳಿ ಬರುತ್ತದೆ ಅಂತ ಗೊತ್ತಾದ ರಾತ್ರಿ ಸ್ನಾನದ ತೊಟ್ಟಿ, ಬಕೆಟ್ ತುಂಬಿಸಿದರೆ ಟಾಯ್ಲೆಟ್ಟಿಗೆ ಆಯಿತು. ಹಿಮ ಕರಗಿಸಿಕೊಳ್ಳೋಣ ಅಂದುಕೊಂಡರೆ, ದೊಡ್ಡ ಪಾತ್ರೆ ತುಂಬ ಪುಡಿ ಹಿಮ ಕರಗಿಸಿದರೂ ತಳದಲ್ಲಿ ಒಂದು ಲೋಟ ನೀರು ಸಿಕ್ಕರೆ ಹೆಚ್ಚು.

ಫ್ರಿಜ್ ಬಾಗಿಲು ತೆಗೆಯದಿದ್ದರೆ ಒಳಗಿನದು 4 ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ಖಾಲಿ ಇದ್ದರೆ 24 ಗಂಟೆ. ಹೊರಗೇ ಇಷ್ಟು ಹಿಮ ಇದೆಯಲ್ಲ, ಅಲ್ಲಿಟ್ಟರಾಯಿತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಬಿಸಿಲು ಬಿದ್ದರೆ ಡಬ್ಬದೊಳಗೆ ಬಿಸಿಯಾಗುತ್ತದೆ, ವಾಸನೆಗೆ ಪ್ರಾಣಿಗಳು ಬರುತ್ತವೆ. ಬದಲಿಗೆ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಹೊರಗಿಡಿ. ಗಡ್ಡೆಕಟ್ಟಿದ ಮೇಲೆ ತಂದು ಫ್ರಿಜ್ಜಿನೊಳಗೆ ಜೋಡಿಸಿ. ಹಾಲು, ಮಾಂಸ, ಬೇಯಿಸಿದ್ದು 4 ಡಿಗ್ರಿಗಿಂತ ಬಿಸಿಯಾಗಿ ಎರಡು ಗಂಟೆ ಕಳೆದಿದ್ದರೆ ಬಿಸಾಡಿ. ರುಚಿ ನೋಡಿ ತೀರ್ಮಾನ ಮಾಡಬೇಡಿ, ವಾಸನೆ ಬಾರದೆಯೂ ಕೆಟ್ಟಿರುತ್ತದೆ. ಫ್ರೀಜರಿನಿಂದ ತೆಗೆದಿದ್ದರಲ್ಲಿ ಇನ್ನೂ ಹರಳು ಹರಳು ಮಂಜು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು.

ಈಗ ನಿಮ್ಮ ಯಜಮಾನರ ಜನರೇಟರ್. ಬಾಡಿಗೆ ಮನೆ, ಮೊದಲ ವರ್ಷ, ಮೂರು ದಿನದ ಲೆಕ್ಕ. ಈ ವರ್ಷಕ್ಕೆ ಬೇಡ ಅನ್ನುತ್ತೇನೆ. ಅದನ್ನು ಇಡಬೇಕಾದ್ದು ಬಾಗಿಲು, ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲಿ, ಹೊಗೆ ಮನೆಯಿಂದ ಆಚೆ ಹೋಗುವ ಹಾಗೆ. ಮೇಲೆ ಹಿಮ ಬೀಳದಂತೆ ಮಾಡು ಇರಬೇಕು, ಸುತ್ತ ಗೋಡೆ ಇರಬಾರದು. ಪೆಟ್ರೋಲ್ ಶೇಖರಿಸಬೇಕು, ಅದೂ ಕೆಲವು ತಿಂಗಳಿಗೆ ಹಳತಾಗುತ್ತದೆ. ಇಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕಬಾರದು. ಅಂದರೆ ನಡುರಾತ್ರಿ ಹಿಮದಲ್ಲಿ ಅದು ಆರುವವರೆಗೆ ಕಾಯಬೇಕು. ಫರ್ನೇಸಿಗೆ ನೇರ ವೈರಿಂಗ್ ಇರುತ್ತದೆ, ಪ್ಲಗ್ ಇರುವುದು ಕಮ್ಮಿ. ಅದನ್ನು ಜನರೇಟರಿಗೆ ಜೋಡಿಸಲು ಎಲೆಕ್ಟ್ರಿಷಿಯನ್ ಬಂದು ಟ್ರಾನ್ಸ್‌ಫರ್ ಸ್ವಿಚ್ (ಬೀದಿಯ ಲೈನಿನಿಂದ ಬಿಡಿಸಿ ಜನರೇಟರಿಗೆ ಸೇರಿಸುವ ಸ್ವಿಚ್) ಹಾಕಬೇಕು, ಓನರ್ ಒಪ್ಪಬೇಕು. ಅದಿಲ್ಲದೆ ಎರಡೂ ಕಡೆ ಪಿನ್ ಇರುವ ವೈರ್ ಮಾಡಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡಬಹುದು ಅಂತ ಯಾರಾದರೂ ಹೇಳಿದರೆ ಅವರನ್ನು ಮನೆಯೊಳಗೆ ಸೇರಿಸಬೇಡಿ. ಆ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅಲ್ಲಿ ಚಳಿಯಲ್ಲಿ ಕಂಬ ಹತ್ತಿ ನಿಮ್ಮದೇ ಲೈನ್ ಸರಿಮಾಡುತ್ತಿರುವ ಲೈನ್‌ಮನ್ ಸಾಯುತ್ತಾನೆ.

ಅದರ ಬದಲು ಒಂದು ಬ್ಯಾಟರಿ ಪವರ್ ಸ್ಟೇಷನ್ ತನ್ನಿ, ಅಂದರೆ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳುವ ದೊಡ್ಡ ಬ್ಯಾಟರಿ ಪೆಟ್ಟಿಗೆ. 500 ವ್ಯಾಟ್ ಅವರ್‌ನದು ಸಾಕು. ವೈಫೈ ರೌಟರ್, ಎರಡು ಎಲ್‌ಇಡಿ ಲೈಟು, ಫೋನುಗಳ ಚಾರ್ಜು ಇಷ್ಟೇ ಆದರೆ ಎರಡು ದಿನ ತಳ್ಳುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ರೂಮಿನೊಳಗೇ ಇಡಬಹುದು. ರೂಮ್ ಹೀಟರ್ ಮಾತ್ರ ಅದಕ್ಕೆ ಹಾಕಬೇಡಿ. 1500 ವ್ಯಾಟಿನದನ್ನು ಎಳೆಯುವ ತಾಕತ್ತೇ ಹೆಚ್ಚಿನವಕ್ಕೆ ಇಲ್ಲ, ಎಳೆದರೂ 20 ನಿಮಿಷಕ್ಕೆ ಖಾಲಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಗ್ಯಾರೇಜಿನಲ್ಲಿ ಬಿಡಬೇಡಿ. ಫೋನ್ ಟವರುಗಳಿಗೂ ಬ್ಯಾಟರಿ ಇರುತ್ತದೆ, ಅದೂ ಒಂದು ಹೊತ್ತಿಗೆ ಮುಗಿಯುತ್ತದೆ. ಆದ್ದರಿಂದ ಸೆಲ್ ಹಾಕುವ ಒಂದು ಸಣ್ಣ ರೇಡಿಯೋ ಇರಲಿ. ಮುಖ್ಯ ನಂಬರುಗಳನ್ನು ಕಾಗದದ ಮೇಲೆ ಬರೆದಿಡಿ. ಅತ್ತೆಯವರ ಕಾಯಿಲೆ ವಿಷಯ ಕರೆಂಟ್ ಕಂಪನಿಗೆ ತಿಳಿಸಿ. ವೈದ್ಯಕೀಯ ಅಗತ್ಯ ಇರುವವರ ಪಟ್ಟಿ ಅಂತ ಎಷ್ಟೋ ಕಂಪನಿಗಳು ಇಟ್ಟಿರುತ್ತವೆ.

ಹೊರಗೆ ತಂತಿ ಹರಿದು ಬಿದ್ದಿದ್ದರೆ 10 ಮೀಟರ್ ಹತ್ತಿರಕ್ಕೂ ಯಾರನ್ನೂ ಬಿಡಬೇಡಿ. ಕರೆಂಟ್ ಇಲ್ಲ ಅಂದುಕೊಂಡ ತಂತಿಯಲ್ಲೂ ಇರಬಹುದು.

ಕೊನೆಗೆ, ಕರೆಂಟ್ ಬರುವ ಹೊತ್ತು. ಮೂರು ದಿನ ತಣ್ಣಗಿದ್ದ ಬೀದಿಯಲ್ಲಿ ಎಲ್ಲರ ಫರ್ನೇಸು, ಗೀಸರು, ಫ್ರಿಜ್ಜು ಒಂದೇ ಕ್ಷಣಕ್ಕೆ ಎದ್ದು ಕರೆಂಟ್ ಕೇಳುತ್ತವೆ. ಮಾಮೂಲಿ ದಿನಕ್ಕಿಂತ ಎಷ್ಟೋ ಪಟ್ಟು ಲೋಡು. ಬಂದ ಕರೆಂಟ್ ಅದಕ್ಕೇ ಎಷ್ಟೋ ಸಲ ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಆದ್ದರಿಂದ ಕರೆಂಟ್ ಹೋದಾಗಲೇ ಟಿವಿ, ಕಂಪ್ಯೂಟರ್, ಮೈಕ್ರೋವೇವ್ ಪ್ಲಗ್ ಕಿತ್ತಿಡಿ. ಗೀಸರ್ ಕರೆಂಟಿನದಾದರೆ ಬ್ರೇಕರ್ ಇಳಿಸಿ. ಇಸ್ತ್ರಿ, ಕರೆಂಟ್ ಒಲೆ ಆನ್ ಇದ್ದದ್ದು ಮರೆತುಹೋಗಿರುತ್ತದೆ, ಒಂದು ಸುತ್ತು ನೋಡಿ. ಹಾಲ್‌ನ ಒಂದು ಲೈಟಿನ ಸ್ವಿಚ್ ಮಾತ್ರ ಆನ್ ಬಿಡಿ. ಅದು ಹತ್ತಿದಾಗ ಗೊತ್ತಾಗುತ್ತದೆ. ಹತ್ತು ನಿಮಿಷ ಹಾಗೇ ನಿಂತರೆ ಮೊದಲು ಫರ್ನೇಸ್, ಹೊರಗಿನ ಆ ಬಿಳಿ ಪೈಪ್ ಬಿಡಿಸಿದೆಯಾ ಅಂತ ಇನ್ನೊಮ್ಮೆ ನೋಡಿಕೊಂಡು. ಆಮೇಲೆ ಫ್ರಿಜ್. ಗೀಸರ್ ಕಡೆಗೆ. ಒಂದು ದಿನ ಸ್ನಾನ ತಡವಾದರೆ ಏನೂ ಆಗುವುದಿಲ್ಲ.